ದಾಖಲೆಯಲ್ಲಿದ್ದ ಹೆಂಡತಿ

ಮಿಡಿಗೇಶಿಯ ಮಾಜಿ ಸೈನಿಕ ಸಣ್ಣರಂಗಯ್ಯನಿಗೆ ಇನ್ನು ಆರೇ ತಿಂಗಳು ಎಂದು ಡಾಕ್ಟರು ಕೈಚೆಲ್ಲಿದ್ದರು. ಸಾವಿಗಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ಸೇನೆಯ ದಾಖಲೆ. ಅದರಲ್ಲಿ ಹೆಂಡತಿ ಎಂದು ಇನ್ನೂ ಈರನಾಗಮ್ಮನ ಹೆಸರೇ ಇತ್ತು. ಅವಳು ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡು ನಲವತ್ತು ವರ್ಷವಾಗಿತ್ತು. ಕೂಸಿಗೆ ತಾಯಿ ಬೇಕೆಂದು ಅವಳ ತಂಗಿ ರಾಮಾಂಜಿನಮ್ಮನನ್ನೇ ಹಿರಿಯರು ಅವನಿಗೆ ಕೊಟ್ಟು ಮದುವೆ ಮಾಡಿದ್ದರು. ರಜೆ ಮುಗಿಸಿ ಗಡಿಗೆ ಮರಳಿದವನು ದಾಖಲೆಯ ಹೆಸರು ಮಾತ್ರ ಬದಲಿಸಲಿಲ್ಲ. ಬದಲಿಸಿದರೆ ಈರನಾಗಮ್ಮನನ್ನು ಇನ್ನೊಂದು ಸಲ ಮಣ್ಣು ಮಾಡಿದಂತೆ ಅನ್ನಿಸಿತ್ತು.

ಈಗ ತಾನು ಕಣ್ಣು ಮುಚ್ಚಿದರೆ ರಾಮಾಂಜಿನಮ್ಮ ಆ ದಾಖಲೆಗೆ ಯಾರೂ ಅಲ್ಲ, ಅವಳಿಗೆ ಪಿಂಚಣಿಯೂ ಇಲ್ಲ. ತಿದ್ದಿಸಲು ಹೋದರೆ ಸೇನೆಯವರು ಮೊದಲ ಹೆಂಡತಿಯ ಮರಣ ಪ್ರಮಾಣಪತ್ರ ತನ್ನಿ ಎಂದರು. ಮನೆಯಲ್ಲಾದ ಆ ಸಾವನ್ನು ಯಾರೂ ಎಲ್ಲೂ ಬರೆಸಿರಲಿಲ್ಲ. ಆ ಪತ್ರಕ್ಕಾಗಿ ಏದುಸಿರು ಬಿಡುತ್ತ ಮಧುಗಿರಿಯ ತಾಲ್ಲೂಕು ಕಚೇರಿಗೆ ಅಲೆದದ್ದೇ ಬಂತು. ಮೂರನೆಯ ಅರ್ಜಿಯೂ ಇವತ್ತು ವಾಪಸು ಬಂದಿತ್ತು.

"ಸತ್ತೋಳೇ ಎದ್ದು ಬಂದು ನಾನು ಸತ್ತಿದೀನಿ ಅನ್ಬೇಕೇನೇ ಇವ್ರಿಗೆ?" ಅವನು ಕಾಗದವನ್ನು ಮುದುರಿ ಎಸೆದ.

ರಾಮಾಂಜಿನಮ್ಮ ಅದನ್ನು ಎತ್ತಿಕೊಂಡು ತೊಡೆಯ ಮೇಲಿಟ್ಟು ಸವರಿದಳು.

"ನಲವತ್ತು ವರ್ಸದಿಂದ ನಿದ್ದೇಲಿ ಅಕ್ಕನ ಹೆಸ್ರು ಕೂಗ್ತೀರ. ಕೂಗ್ದಾಗೆಲ್ಲ ನಾನೇ ಓ ಅಂದಿದೀನಿ. ಸರ್ಕಾರ ಕೂಗಿದ್ರೂ ಓ ಅಂತೀನಿ, ಬುಡಿ."