ಎಡಬದಿಯ ಕೊಂಬೆ

ನನ್ನ ಹೆಂಡತಿ ಸುಮಿತ್ರಾಳ ಕಾಯಿಲೆಯ ಮೊದಲ ಲಕ್ಷಣಕ್ಕೆ ಮೊದಲ ಬಹುಮಾನ ಬಂದಿತ್ತು. ಆ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ, ಹೊನ್ನಾವರದ ನಮ್ಮ ಮನೆಯ ಜಗಲಿಯಲ್ಲಿ ತೂಗುಹಾಕಿದವನು ನಾನೇ.

ಸುಮಿತ್ರಾ ಇಕೆಬಾನಾ ಕಲಿಸುತ್ತಿದ್ದಳು. ಜಪಾನಿನವರು ಹೂ ಜೋಡಿಸುವ ವಿದ್ಯೆ ಅದು. ಮದುವೆಗೆ ಮುಂಚೆ ಮುಂಬೈಯಲ್ಲಿ ಅಕ್ಕನ ಮನೆಯಲ್ಲಿದ್ದಾಗ ಕಲಿತದ್ದು. ಮೊಳಗಟ್ಟಲೆ ಮಲ್ಲಿಗೆ ಮುಡಿಯುವ ನಮ್ಮ ಕಡೆ, ಒಂದು ಬಟ್ಟಲಲ್ಲಿ ಎರಡು ಕೊಂಬೆ, ಒಂದು ಹೂ ನಿಲ್ಲಿಸಿಟ್ಟರೆ ಯಾರು ಒಪ್ಪುತ್ತಾರೆ? "ಎಂತ, ಹೂ ಸಾಕಾಗ್ಲಿಲ್ವಾ?" ಎಂದು ನೆಂಟರು ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ಮೊದಲ ವರ್ಷ ನಾನೂ ಕೇಳಿದ್ದೇನೆ. ಆಮೇಲೆ ಸೋತೆ. ನನ್ನದು ವೆಲ್ಡಿಂಗ್ ಶಾಪು. ಕೊಂಬೆಗಳನ್ನು ಚುಚ್ಚಿ ನಿಲ್ಲಿಸುವ ಮುಳ್ಳಿನ ಬಿಲ್ಲೆ ಇಲ್ಲೆಲ್ಲೂ ಸಿಗುವುದಿಲ್ಲ. ಕಾಸರಕೋಡಿನ ಮೀನುಗಾರರಿಂದ ಹಳೇ ಬಲೆಯ ಸೀಸದ ಗುಂಡು ತಂದು, ಕರಗಿಸಿ, ಹಿತ್ತಾಳೆ ಮೊಳೆ ಜೋಡಿಸಿ ಎರೆದು ನಾನೇ ಮಾಡಿಕೊಟ್ಟೆ.

ಉದ್ದದ ಕೊಂಬೆ ಆಕಾಶ, ನಡುವಿನದು ಮನುಷ್ಯ, ಗಿಡ್ಡದ್ದು ಭೂಮಿ. ಅವಳ ಮೊದಲ ಪಾಠ ಅದು. ಮನುಷ್ಯ ಎಡಕ್ಕೆ ವಾಲಬೇಕು.

ಕಳೆದ ವರ್ಷ ಕುಮಟಾದಲ್ಲಿ ಹೂವಿನ ಪ್ರದರ್ಶನವಿತ್ತು. ಅವಳು ಗಾಳಿಮರದ ಒಂದು ಕೊಂಬೆ, ಎರಡು ಕೆಂಪು ಡೇರೆ ಹೂ ಇಟ್ಟಳು. ಎಲ್ಲವೂ ಬಟ್ಟಲಿನ ಬಲಕ್ಕೆ. ಎಡಕ್ಕೆ ಬರೇ ನೀರು. ಭಟ್ಕಳದಿಂದ ಬಸ್ಸಿನಲ್ಲಿ ಬಂದು ಕಲಿಯುವ ಶಬಾನಾ ನನ್ನ ಹತ್ತಿರ ಮೆಲ್ಲಗೆ ಕೇಳಿದಳು.

"ಅಣ್ಣಾ, ಟೀಚರು ಎಡಗಡೆ ಕೊಂಬೆ ಮರ್ತ್ರಾ ಎಂತ?"

"ಟೀಚರಿಗೇ ಪಾಠ ಹೇಳ್ತ್ಯಾ ನೀನು?" ಎಂದು ನಕ್ಕುಬಿಟ್ಟೆ. ಅವಳ ಮುಖ ಸಣ್ಣದಾಯಿತು.

ತೀರ್ಪುಗಾರರು ಆ ಬಟ್ಟಲಿನ ಮುಂದೆ ಬಹಳ ಹೊತ್ತು ನಿಂತರು. ಖಾಲಿ ಜಾಗವನ್ನು ಹೀಗೆ ಬಿಡುವ ಧೈರ್ಯ ಎಲ್ಲರಿಗೂ ಬರುವುದಿಲ್ಲ ಎಂದು ಮೈಕಿನಲ್ಲಿ ಹೊಗಳಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು.

ಅವಳು ಜಾಗ ಬಿಟ್ಟಿರಲಿಲ್ಲ. ಆ ಜಾಗ ಅವಳ ಪಾಲಿಗೆ ಇರಲೇ ಇಲ್ಲ.

ಆಮೇಲೆ ಬಾಗಿಲಿನ ಎಡ ದಾರಂದಕ್ಕೆ ಭುಜ ಬಡಿಯತೊಡಗಿತು. ಊಟದಲ್ಲಿ ತಟ್ಟೆಯ ಎಡಬದಿಯ ಅನ್ನ ಹಾಗೇ ಉಳಿಯುತ್ತಿತ್ತು. "ಇನ್ನೂ ಸ್ವಲ್ಪ ಅನ್ನ ಹಾಕಿ, ಹೊಟ್ಟೆ ತುಂಬ್ಲಿಲ್ಲ" ಎನ್ನುತ್ತಿದ್ದಳು. "ತಟ್ಟೆಲಿ ಇರೂದು ಎಂತದು ಮಾರಾಯ್ತಿ?" ಎಂದು ನಾನು ರೇಗುತ್ತಿದ್ದೆ. ಒಂದು ದಿನ ಬಲಗಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಪೇಟೆಗೆ ಹೊರಟಳು. ಆವತ್ತೂ ನಕ್ಕೆ. ಮರುದಿನ ಅಂಗಳದಲ್ಲಿ ಬಿದ್ದಳು.

ಮಂಗಳೂರಿಗೆ ಕರೆದುಕೊಂಡು ಹೋದೆವು. ಎಂಆರ್‌ಐ ಆಯಿತು. ಬಯಾಪ್ಸಿ ಆಯಿತು.

ಮೆದುಳಿನ ಬಲಭಾಗದಲ್ಲಿ ಟ್ಯೂಮರ್. ಗ್ರೇಡ್ ಫೋರ್.

"ಅವರ ಕಣ್ಣು ಸರಿಯಾಗೇ ಇದೆ" ಎಂದರು ಡಾಕ್ಟರ್. "ಎಡಗಡೆ ಅಂತ ಒಂದಿದೆ ಅನ್ನೋದನ್ನೇ ಮೆದುಳು ಬಿಟ್ಟುಬಿಟ್ಟಿದೆ. ಬಿಟ್ಟಿದ್ದು ಅವರಿಗೆ ಗೊತ್ತೂ ಆಗಲ್ಲ. ಯಾವಾಗಿಂದ ಹೀಗೆ?"

ಜಗಲಿಯ ಫ್ರೇಮು ಕಣ್ಣಮುಂದೆ ಬಂತು. ನಾಲ್ಕು ತಿಂಗಳು ಎಂದೆ. ಆಗಲೇ ಕರೆತಂದಿದ್ದರೆ ಎಂದು ಕೇಳಿದೆ. ಈ ಟ್ಯೂಮರಿನಲ್ಲಿ ಅದರಿಂದ ಹೆಚ್ಚು ವ್ಯತ್ಯಾಸ ಆಗುತ್ತಿರಲಿಲ್ಲ ಎಂದರು. ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ. ಮತ್ತೆ ಕೇಳುವ ಧೈರ್ಯ ಬರಲಿಲ್ಲ. ಊರಿಗೆ ಬಂದು ಮೊದಲು ಆ ಫ್ರೇಮು ಇಳಿಸಿದೆ. ಶಬಾನಾಳ ಕ್ಷಮೆ ಕೇಳಿದೆ. "ನಾನೂ ಇನ್ನೊಂದ್ಸಲ ಹೇಳ್ಬೇಕಿತ್ತು ಅಣ್ಣಾ" ಎಂದು ಅವಳೇ ಅತ್ತಳು.

ಸರ್ಜರಿ, ರೇಡಿಯೇಷನ್, ಮಾತ್ರೆಗಳು. ಕೂದಲು ಹೋಯಿತು, ಎಡಗಾಲಿನ ಶಕ್ತಿ ಹೋಯಿತು, ಎಡ ಮಾತ್ರ ಮರಳಿ ಬರಲಿಲ್ಲ. ಊಟ ಅರ್ಧವಾದಾಗ ತಟ್ಟೆ ತಿರುಗಿಸಿ ಎಂದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು. ತಿರುಗಿಸಿದರೆ, "ಈಗ ಬಡಿಸಿದ್ರಾ?" ಎಂದು ಉಳಿದದ್ದನ್ನೂ ಉಣ್ಣುತ್ತಿದ್ದಳು. ಮಾತಾಡಬೇಕಾದರೆ ಅವಳ ಬಲಕ್ಕೆ ಕೂರಬೇಕು. ಒಮ್ಮೆ ಮರೆತು ಎಡಕ್ಕೆ ಕೂತಿದ್ದೆ.

"ಇವ್ರು ಎಲ್ಲಿಗೆ ಹೋದ್ರು?" ಎಂದು ಶಬಾನಾಳನ್ನು ಕೇಳಿದಳು.

ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಈ ವರ್ಷದ ಪ್ರದರ್ಶನಕ್ಕೆ ಸ್ವಲ್ಪ ಮೊದಲು ಮಾಡಿಸಿದ ಸ್ಕ್ಯಾನಿನಲ್ಲಿ ಅದು ಮತ್ತೆ ಬೆಳೆದಿತ್ತು. ಇನ್ನು ಟ್ರೀಟ್‌ಮೆಂಟ್ ಬೇಡ, ಮನೆಯಲ್ಲಿ ಅವರಿಗೆ ಇಷ್ಟವಾದದ್ದು ಮಾಡಿಕೊಂಡಿರಲಿ ಎಂದರು ಡಾಕ್ಟರ್. ಆ ಮಾತಿನ ಅರ್ಥ ನನಗೆ ಗೊತ್ತು. ಟೀಚರದ್ದೂ ಒಂದು ಬಟ್ಟಲು ಇರಲಿ ಎಂದು ಶಬಾನಾ ಹಟ ಹಿಡಿದಳು. ವೀಲ್‌ಚೇರಿನಲ್ಲಿ ಕೂರಿಸಿ ಕುಮಟಾಕ್ಕೆ ಕರೆದೊಯ್ದೆವು.

ಅದೇ ಗಾಳಿಮರ, ಅದೇ ಡೇರೆ. ಎಲ್ಲವೂ ಮತ್ತೆ ಬಲಕ್ಕೆ. "ಆತು" ಎಂದು ಕೈ ಒರೆಸಿಕೊಂಡಳು. ನಾನು ತಟ್ಟೆ ತಿರುಗಿಸುವ ಹಾಗೆ ಬಟ್ಟಲನ್ನು ತಿರುಗಿಸಿದೆ. ಈಗ ಖಾಲಿ ಭಾಗ ಅವಳ ಬಲಕ್ಕೆ ಬಂತು.

"ಇದು ಯಾರು ಮಾಡಿದ್ದು? ಬರೇ ನೀರು!"

"ನಾನು" ಎಂದೆ.

"ಇಷ್ಟು ವರ್ಷ ನೋಡಿದೀರಿ. ಮನುಷ್ಯನೇ ಇಲ್ವಲ್ಲ ಇದ್ರಲ್ಲಿ?"

"ಮರ್ತೋತು."

"ಕೊಡಿ ಇಲ್ಲಿ" ಎಂದು ನನ್ನ ಕೈಲಿದ್ದ ಇನ್ನೊಂದು ಕೊಂಬೆ ಕಸಿದುಕೊಂಡು, ಓರೆಯಾಗಿ ಕತ್ತರಿಸಿ, ತನಗೆ ಕಾಣುವ ಬಲಕ್ಕೆ ವಾಲಿಸಿ ಚುಚ್ಚಿದಳು. ನಾನು ಬಟ್ಟಲನ್ನು ಮತ್ತೆ ಮೊದಲಿನಂತೆ ತಿರುಗಿಸಿಟ್ಟೆ. ಎಡಬದಿಯ ಕೊಂಬೆ ಎಡಕ್ಕೆ ವಾಲಿ ನಿಂತಿತ್ತು. ಬಂದವರೆಲ್ಲ ಅದನ್ನು ನೋಡಿದರು. ಅವಳಿಗೆ ಕಾಣಲಿಲ್ಲ. ಈ ಸಲ ಬಹುಮಾನ ಬರಲಿಲ್ಲ, ಬಾರದ್ದಕ್ಕೆ ನನಗೆ ಖುಷಿಯಾಯಿತು.

"ನಾಳೆಯಿಂದ ನೀವೂ ಕ್ಲಾಸಿಗೆ ಕೂತ್ಕಳಿ" ಎಂದಳು ವಾಪಸು ಬರುವಾಗ.

ಅಂದಿನಿಂದ ದಿನವೂ ಬೆಳಿಗ್ಗೆ ಕೂರುತ್ತಿದ್ದೇನೆ, ಅವಳ ಬಲಕ್ಕೆ. ಬೇಕೆಂದೇ ತಪ್ಪು ಮಾಡುತ್ತೇನೆ. ಅವಳು ಬೈಯುತ್ತಾಳೆ, ತಿದ್ದುತ್ತಾಳೆ. ಬೈಯುವಾಗ ಹಳೇ ಸುಮಿತ್ರಾಳ ದನಿ ಬರುತ್ತದೆ. ಇಷ್ಟು ವರ್ಷದ ಸಂಸಾರದಲ್ಲಿ ಬೈಸಿಕೊಳ್ಳಲು ಇಷ್ಟು ಆಸೆಪಟ್ಟದ್ದು ಇದೇ ಮೊದಲು. ಈ ಬೆಳಗುಗಳಾದರೂ ಸಿಕ್ಕವಲ್ಲ ಎಂದು ದೇವರಿಗೆ ಕೈ ಮುಗಿಯುತ್ತೇನೆ. ಸಿಟ್ಟೂ ಬರುತ್ತದೆ.

ನಿನ್ನೆ ಅವಳು ಕತ್ತರಿ ಹಿಡಿಯಲಿಲ್ಲ, ಸುಸ್ತು ಎಂದಳು. ನಾನೇ ಮೂರೂ ಕೊಂಬೆ ಇಟ್ಟೆ. ಅವಳಿಗೆ ಚೆನ್ನಾಗಿ ಕಾಣುವಂತೆ ಬಲಕ್ಕೇ ಇಟ್ಟೆ. ಉದ್ದದ್ದನ್ನು ಗಿಡ್ಡದ್ದರ ಜಾಗದಲ್ಲಿ, ಮನುಷ್ಯನನ್ನು ತಲೆಕೆಳಗಾಗಿ. ಬೈಗುಳಕ್ಕೆ ಕಾದು ಕೂತೆ.

ಅವಳು ತುಂಬ ಹೊತ್ತು ನೋಡಿದಳು.

"ಈಗ ಸರಿ ಆತು ನೋಡಿ" ಎಂದಳು.

ನಾನು ತಿದ್ದಲಿಲ್ಲ. ಬಟ್ಟಲಿಗೆ ನೀರು ತುಂಬಿಸಿ, ಅವಳ ಬಲಕ್ಕೆ ಇಟ್ಟೆ.