ಟಬ್ಬಿನ ನೀರಿನಲ್ಲಿ ಎಡಗೈ

ದೆವ್ವ, ಗಾಳಿ, ಶಕುನ ಯಾವುದನ್ನೂ ನಾನು ನಂಬಿದವಳಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವಳು. ದೆವ್ವಕ್ಕೆ ಹೆದರದಿದ್ದರೂ ಅರ್ಥಿಂಗ್ ಇಲ್ಲದ ಗೀಸರ್‌ಗೆ ಹೆದರುತ್ತೇನೆ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಕೂತರೆ, ಎಲ್ಲೋ ವೈರು ಲೂಸಾಗಿರಬೇಕು ಎಂದು ನಗುತ್ತಿದ್ದೆ. ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನನ್ನ ಯಜಮಾನರಿಗೆ ಪಾರ್ಶ್ವವಾಯು ಹೊಡೆದು ಎಡಗೈ ಸ್ವಾಧೀನ ತಪ್ಪಿತ್ತು. ಚಿವುಟಿದರೂ ತಿಳಿಯುತ್ತಿರಲಿಲ್ಲ. ಕಾಲು ಸುಧಾರಿಸಿ, ಹಿಡಿದುಕೊಂಡು ನಡೆಯುತ್ತಿದ್ದರು. ಆದರೆ ಪಂಚೆಯನ್ನು ಇನ್ನೊಬ್ಬರು ಉಡಿಸಬೇಕಲ್ಲ ಎಂಬುದು ಅವರಿಗೆ ನುಂಗಲಾಗದ ಅವಮಾನ. ಬಿಸಿನೀರಿನಲ್ಲಿ ಕೂತರೆ ಬಿಗಿದ ಭುಜಕ್ಕೆ ಹಿತ ಎಂದು ಡಾಕ್ಟರು ಹೇಳಿದ್ದೇ ಸಾಕಾಯಿತು, ಜೆ.ಪಿ. ನಗರದ ನಮ್ಮ ಮನೆಯ ತಾರಸಿಗೆ ಹಾಟ್ ಟಬ್ ಬಂತು.

ವೈರಿಂಗ್ ವಿಷಯದಲ್ಲಿ ಎಲೆಕ್ಟ್ರಿಷಿಯನ್ನನ ಪ್ರಾಣ ತಿಂದೆ. ಮೇನ್ ಬೋರ್ಡಿನಿಂದ ಪ್ರತ್ಯೇಕ ಲೈನು, ಅದಕ್ಕೆ ಅರ್ಥಿಂಗ್ ಗುಂಡಿ, ಕರೆಂಟು ಚೂರು ಸೋರಿದರೂ ತಾನೇ ಬಿದ್ದು ಲೈನು ಕಡಿಯುವ ಟ್ರಿಪ್ಪರ್, ಟಬ್ಬಿನಲ್ಲಿ ಕೂತವರಿಗೆ ಎಟುಕದಷ್ಟು ದೂರದಲ್ಲಿ ಸ್ವಿಚ್ಚು. ಎಲ್ಲವನ್ನೂ ಪಕ್ಕದಲ್ಲೇ ನಿಂತು ಪರೀಕ್ಷೆ ಮಾಡಿಸಿದೆ.

ಅಷ್ಟರಲ್ಲಿ ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ಹಂಡೆಗೆ ಮಾಡುವುದನ್ನೆಲ್ಲ ಆ ಟಬ್ಬಿಗೇ ಮಾಡಿದೆವು. ತೊಳೆದು, ನೀರು ತುಂಬಿ, ಸುಣ್ಣದ ಗೆರೆ ಎಳೆದು, ಸಾರಕ್ಕಿ ಮಾರ್ಕೆಟ್ಟಿನ ಚೆಂಡುಹೂವು ಸುತ್ತಿ, ಆರತಿ ಎತ್ತಿದೆ. ನುಣುಪು ಟಬ್ಬಿಗೆ ಕುಂಕುಮ ನಿಲ್ಲದೆ ಜಾರುತ್ತಿತ್ತು.

ಮರುದಿನ ಬೆಳಗಿನ ಜಾವ ಅವರಿಗೆ ಎಣ್ಣೆ ಒತ್ತಿದೆ. ಹಬ್ಬಕ್ಕೆ ಬಂದಿದ್ದ ನನ್ನ ತಮ್ಮನೂ ನಾನೂ ಹಿಡಿದು ಟಬ್ಬಿಗೆ ಇಳಿಸಹೋದೆವು. ಪಾದ ನೀರಿಗೆ ತಾಗಿದ್ದೇ ತಡ, ಟ್ರಿಪ್ಪರ್ ಬಿತ್ತು. ಅವರನ್ನು ಪಕ್ಕಕ್ಕೆ ಕೂರಿಸಿ ಟ್ರಿಪ್ಪರನ್ನು ಮತ್ತೆ ಮೇಲೆತ್ತಿದರೆ ಬೀಳದೆ ನಿಂತಿತು. ನಾನು ನೋಡುತ್ತಿದ್ದಂತೆ ಅವರು ತಾಳ್ಮೆಗೆಟ್ಟು ಬಲಗೈ ಚಾಚಿ ನೀರು ಮುಟ್ಟಿದರು. ಮತ್ತೆ ಬಿತ್ತು.

"ಅಕ್ಕ, ಟ್ರಿಪ್ಪರ್ ಬೈಪಾಸ್ ಮಾಡ್ಬಿಡ್ತೀನಿ. ಎಣ್ಣೆ ಹಚ್ಕೊಂಡು ಎಷ್ಟೊತ್ತು ಅಂತ ಕೂರ್ತಾರೆ ಭಾವ?" ಎಂದ ತಮ್ಮ. ನಮ್ಮ ಕಡೆ ಅರ್ಧ ಮನೆಗಳಲ್ಲಿ ಇದೇ ಮದ್ದು. ಕೈ ಮುಟ್ಟಿದರೆ ಜೋಕೆ ಎಂದು ಗದರಿದೆ. ನೀರು ಹೇಗೂ ಕಾದಿತ್ತು. ಟಬ್ಬಿನ ಸ್ವಿಚ್ಚು, ಮನೆಯ ಮೇನು, ಯುಪಿಎಸ್ಸು ಎಲ್ಲವನ್ನೂ ಆರಿಸಿ, ಎಣ್ಣೆದೀಪದ ಬೆಳಕಿನಲ್ಲಿ ಅವರನ್ನು ನೀರಿಗೆ ಇಳಿಸಿದೆವು.

ಕಣ್ಣು ಮುಚ್ಚಿ ಹಾಯಾಗಿ ಕೂತಿದ್ದರು. ಸ್ವಲ್ಪ ಹೊತ್ತಿಗೆ, "ಎಡಗೈ ಜುಮ್ ಅಂತಿದೆ ಕಣೆ," ಎಂದರು. ಬಗ್ಗಿ ನೋಡಿದೆ. ಆ ಬೆರಳುಗಳು ಮೆಲ್ಲಗೆ ಮಡಚಿಕೊಂಡು, ತೇಲುತ್ತಿದ್ದ ಚೆಂಡುಹೂವೊಂದನ್ನು ಹಿಡಿದುಕೊಂಡವು.

ಜುಮ್ ಎಂದರೆ ನನಗೆ ಹೊಳೆಯುವುದು ಕರೆಂಟು ಒಂದೇ. ಚೀರಿಕೊಂಡೆ. ತಮ್ಮ ಗಾಬರಿಬಿದ್ದು ಅವರ ರಟ್ಟೆ ಹಿಡಿದು ಎಳೆದ, ನಾನೂ ಎಳೆದೆ. ತಾರಸಿಯ ನೆಲದ ಮೇಲೆ ಒದ್ದೆ ಮೈಯಲ್ಲಿ ಕೂತು ಅವರು, "ಯಾಕೆ ಎಳೆದ್ರಿ? ಕೈ ಬಂದಿತ್ತಲ್ಲೇ," ಎಂದರು. ಹೂವು ಬೆರಳುಗಳಿಂದ ಜಾರಿ ಬಿತ್ತು. ಆ ಕೈ ಮತ್ತೆ ಮೊದಲಿನಂತೆ ಜೋತುಬಿತ್ತು.

ಮನೆಯಲ್ಲಿ ಕರೆಂಟೇ ಇರಲಿಲ್ಲ. ಹಬ್ಬ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ಮೀಟರಿಟ್ಟು ಎಲ್ಲ ನೋಡಿದ, ಎಲ್ಲೂ ಸೋರಿಕೆಯಿಲ್ಲ. ಟ್ರಿಪ್ಪರ್ ಯಾಕೆ ಬಿತ್ತೆಂದು ಅವನಿಗೂ ತಿಳಿಯಲಿಲ್ಲ. ಒಮ್ಮೊಮ್ಮೆ ನರ ಹಾಗೆ ಚುರುಕಾಗುವುದುಂಟು ಎಂದರು ಡಾಕ್ಟರು. ಗೊತ್ತಿದ್ದ ವಿದ್ಯೆಯನ್ನೆಲ್ಲ ನಾನೂ ಹಾಕಿ ನೋಡಿದೆ. ಸಾವಿನಿಂದ ಎಳೆದೆನೋ, ಬರುತ್ತಿದ್ದ ಕೈಯನ್ನೇ ಕಿತ್ತುಕೊಂಡೆನೋ, ಹೇಳುವವರಿಲ್ಲ. ನೆನೆದರೆ ಇಂದಿಗೂ ಅಳು ಬರುತ್ತದೆ.

ಆಮೇಲೆ ಎಷ್ಟೋ ಸಲ ಅವರು ಅದೇ ಟಬ್ಬಿಗೆ ಇಳಿದಿದ್ದಾರೆ. ಟ್ರಿಪ್ಪರ್ ಬಿದ್ದಿಲ್ಲ, ಬೆರಳು ಅಲುಗಿಲ್ಲ. ನನ್ನನ್ನು ಒಂದು ದಿನವೂ ದೂರಲಿಲ್ಲ. ನೀರಿಗೆ ಇಳಿಯುವ ಮುಂಚೆ ಮಾತ್ರ ಪ್ರತಿ ಸಲ ನನ್ನ ಮುಖ ನೋಡಿ ಮೆಲ್ಲಗೆ ಹೇಳುತ್ತಾರೆ.

"ಈ ಸಲ ಏನೇ ಆದ್ರೂ ಕೂಗ್ಬೇಡ ಕಣೆ."

ಆಯ್ತು ಎನ್ನುತ್ತೇನೆ. ಸುಮ್ಮನಿರಲು ನನ್ನಿಂದಾಗುತ್ತದೋ ಇಲ್ಲವೋ, ನನಗೇ ಗೊತ್ತಿಲ್ಲ.