ಮಲಗಿ ಅಳೆದ ಖೋಲಿ

ಇವತ್ತು ಗೋಡೆ ಕಟ್ಟಲು ಬಂದ ಗೌಂಡಿ ನಮ್ಮ ಹಿತ್ತಲಲ್ಲಿ ಸುಣ್ಣದ ಚೀಲ ಬಿಚ್ಚಿದ. ಆ ವಾಸನೆಗೆ ಗೋವಾದ ಸಡಾ ಬಡಾವಣೆಯಲ್ಲಿದ್ದ ನಮ್ಮ ಹಳೆಯ ಮನೆ ಕಣ್ಣಮುಂದೆ ಬಂತು.

ನಾನು ಚಿಕ್ಕವಳಿದ್ದಾಗ ಒಮ್ಮೆ, ಅವ್ವನ ತವರು ವಿಜಯಪುರದಿಂದ ಬಂದ ಅಜ್ಜಿ, ಮಾವ, ಅತ್ತೆ ಮಲಗಲು ಜಾಗವಿಲ್ಲವೆಂದು ಅಂದೇ ಸಂಜೆ ಬಸ್ಸು ಹತ್ತಿದ್ದರು. ಮರುದಿನವೇ ಅವ್ವ ಹಟ ಹಿಡಿದಳು: "ಹಿತ್ತಲದಾಗ ಅವರಿಗೊಂದು ಖೋಲಿ ಆಗಾಕ ಬೇಕ್ರಿ."

ಗೌಂಡಿಯಾಗಿದ್ದ ಅಪ್ಪ ಟೇಪು ಹಿಡಿದು ಬಂದ. ಅವ್ವ ಅದನ್ನು ಕಸಿದುಕೊಂಡು ಅಜ್ಜಿಯ ಲೆಕ್ಕಕ್ಕೆ ತಾನೇ ಹಿತ್ತಲ ನೆಲದ ಮೇಲೆ ಮಲಗಿಯೇಬಿಟ್ಟಳು. ಮಾವ, ಅತ್ತೆಯ ಲೆಕ್ಕಕ್ಕೆ ನನ್ನನ್ನೂ ಅಕ್ಕನನ್ನೂ ಪಕ್ಕದಲ್ಲಿ ಮಲಗಿಸಿದಳು.

"ಸುತ್ತ ಸುಣ್ಣ ಹಾಕ್ರಿ. ನಮ್ಮವ್ವಗ ಮಗ್ಗಲ ಹೊಳ್ಳಾಕ ಜಾಗಾ ಬಿಡ್ರಿ."

ಅಪ್ಪ ಗೆರೆ ಎಳೆದ. ಅದರ ಮೇಲೆ ರವಿವಾರಕ್ಕೊಂದು ಸಾಲು ಕೆಂಪುಕಲ್ಲು ಏರಿತು.

"ಎಷ್ಟ್ ಫೂಟ್ ಹಿಡೀಲ್ರಿ ಅಕ್ಕಾರ?" ಇವತ್ತಿನ ಗೌಂಡಿ ಕೇಳಿದ. ನಾನು ಸೆರಗು ಸಿಕ್ಕಿಸಿ ನೆಲದ ಮೇಲೆ ಮಲಗಿದೆ.

"ಸುತ್ತ ಸುಣ್ಣ ಹಾಕ್ರಿ. ನಮ್ಮವ್ವ ಇರಾಕ ಬರ್ತಾಳ."